ಮುಚ್ಚಿಟ್ಟರೆ ಹೆಚ್ಚುವ ಬೇನೆ: ಲೈಂಗಿಕ ಒಲವು, ಆರೋಗ್ಯ ಮತ್ತು ನಮ್ಮ ಕುಟುಂಬಗಳು



ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಬಂದರೆ ನಾವು ಅದನ್ನು ಹತ್ತು ಜನರ ಮುಂದೆ ಹೇಳುತ್ತೇವೆ. ಬಿ.ಪಿ. ಮಾತ್ರೆ ನುಂಗುವುದನ್ನು ಯಾರೂ ಬಚ್ಚಿಡುವುದಿಲ್ಲ. ಕ್ಷಯರೋಗವೆಂದರೆ ದನಿ ಸ್ವಲ್ಪ ತಗ್ಗುತ್ತದೆ. ಎಚ್.ಐ.ವಿ. ಎಂದರೆ ಮಾತೇ ನಿಲ್ಲುತ್ತದೆ. ಇನ್ನು ಮಗನ ಮನಸ್ಸು ಹೆಣ್ಣಿನ ಕಡೆಗೆ ಹೋಗದೆ ಗಂಡಿನ ಕಡೆಗೇ ಹೋಗುತ್ತದೆ ಎಂಬ ಸಂಗತಿ ಮನೆಯವರಿಗೆ ತಿಳಿದರಂತೂ ಬಾಗಿಲು ಕಿಟಕಿಗಳೆಲ್ಲ ಮುಚ್ಚಿಕೊಳ್ಳುತ್ತವೆ.

ಈ ವಾರ ಆ ಮುಚ್ಚಿದ ಬಾಗಿಲಿನ ಬಗ್ಗೆಯೇ ಕಲಿಯೋಣ. ವಿಷಯ ಕಷ್ಟದ್ದು, ನಿಜ. ಮಕ್ಕಳ ಮುಂದೆ ಹೇಗೆ ಓದುವುದು ಎಂದು ಕೆಲವರು ಕೇಳಬಹುದು. ದೊಡ್ಡವರು ಮೊದಲು ಓದಿ, ಮಕ್ಕಳ ವಯಸ್ಸಿಗೆ ತಕ್ಕಂತೆ ಅವರಿಗೆ ಹೇಳಿರಿ. ಹೇಳದೆ ಬಿಟ್ಟರೆ ಅವರು ಕಲಿಯದೆ ಇರುವುದಿಲ್ಲ. ಮೊಬೈಲಿನಿಂದ ಕಲಿಯುತ್ತಾರೆ, ಅದೂ ಅರ್ಧಂಬರ್ಧ.

ಈ ಪಾಠದ ಸಾರ ಇಷ್ಟು: ಒಬ್ಬರ ಲೈಂಗಿಕ ಒಲವು ರೋಗವಲ್ಲ. ಆದರೆ ಆ ಒಲವುಳ್ಳವರನ್ನು ನಾವು ಹೆದರಿಸಿ ಕತ್ತಲೆಗೆ ತಳ್ಳಿದಾಗ, ಆ ಕತ್ತಲೆಯಲ್ಲಿ ರೋಗ ಬೆಳೆಯುತ್ತದೆ. ಬೆಳೆದ ರೋಗ ಅವರಲ್ಲಿಗೇ ನಿಲ್ಲುವುದಿಲ್ಲ. ಅವರನ್ನು ಕೈಹಿಡಿದ ಅಮಾಯಕ ಹೆಣ್ಣುಮಗಳಿಗೆ, ಅವಳ ಹೊಟ್ಟೆಯಲ್ಲಿನ ಕೂಸಿಗೆ ತಲುಪುತ್ತದೆ.

1. ಮೊದಲು ಪದಗಳನ್ನು ತಿಳಿದುಕೊಳ್ಳೋಣ

ಒಬ್ಬ ವ್ಯಕ್ತಿಯ ಮನಸ್ಸು ಮತ್ತು ದೇಹ ಯಾರ ಕಡೆಗೆ ಆಕರ್ಷಿತವಾಗುತ್ತದೆ ಎಂಬುದಕ್ಕೆ ಲೈಂಗಿಕ ಒಲವು ಎನ್ನುತ್ತಾರೆ. ಹೆಚ್ಚಿನವರಲ್ಲಿ ಇದು ಗಂಡಿಗೆ ಹೆಣ್ಣಿನ ಮೇಲೆ, ಹೆಣ್ಣಿಗೆ ಗಂಡಿನ ಮೇಲೆ ಇರುತ್ತದೆ. ಕೆಲವರಲ್ಲಿ ತಮ್ಮದೇ ಲಿಂಗದವರ ಮೇಲೆ ಇರುತ್ತದೆ. ಅಂಥವರನ್ನು ಸಲಿಂಗಿಗಳು ಎನ್ನುತ್ತೇವೆ.

ತಾನು ಗಂಡೋ ಹೆಣ್ಣೋ ಎಂಬ ಒಳಗಿನ ಅರಿವು ಬೇರೆಯ ವಿಷಯ. ಗಂಡಾಗಿ ಹುಟ್ಟಿ ತನ್ನನ್ನು ಹೆಣ್ಣೆಂದೇ ತಿಳಿಯುವವರನ್ನು ನಾವು ಮಂಗಳಮುಖಿಯರು, ತೃತೀಯ ಲಿಂಗಿಗಳು ಎಂದು ಕರೆಯುತ್ತೇವೆ. ಈ ಎರಡನ್ನೂ ಕಲಸಿ ಒಂದೇ ಬೈಗುಳದಲ್ಲಿ ಹೇಳಿಬಿಡುವುದು ನಮ್ಮ ಊರುಗಳ ರೂಢಿ. ಆ ಬೈಗುಳಗಳು ನಮ್ಮ ಬಾಯಿಂದ ಹೋಗಬೇಕು.

"ಇದೆಲ್ಲ ಪಟ್ಟಣದ ಚಾಳಿ, ಪರದೇಶದಿಂದ ಬಂದದ್ದು" ಎನ್ನುವವರಿದ್ದಾರೆ. ಆದರೆ ನಮ್ಮ ಭಾಗದ ಹಿರಿಯರನ್ನು ಕೇಳಿರಿ. ಸೀರೆಯುಟ್ಟು, ಚೌಡಿಕೆ ಹಿಡಿದು ಊರೂರು ತಿರುಗುವ ಜೋಗಪ್ಪಗಳನ್ನು ಅವರು ಚಿಕ್ಕಂದಿನಿಂದ ನೋಡಿದ್ದಾರೆ. ಸವದತ್ತಿಗೆ, ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಹುಲಿಗಿಗೆ ಹೋಗುವ ಜನರಲ್ಲಿ ಅವರು ಯಾವಾಗಲೂ ಇದ್ದರು. ಅಂಥವರಲ್ಲೊಬ್ಬರಾದ ಬಳ್ಳಾರಿ ಜಿಲ್ಲೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಅದೇ ಮಂಜಮ್ಮನವರು ಎಳೆಯ ವಯಸ್ಸಿನಲ್ಲಿ ಮನೆಯವರಿಂದ ದೂರವಾಗಿ, ವಿಷ ಕುಡಿದು ಬದುಕಿ ಉಳಿದ ಸಂಗತಿಯನ್ನು ತಾವೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ರಾಷ್ಟ್ರಪತಿ ಭವನದವರೆಗೆ ಹೋದ ಒಂದು ಜೀವ ನಮ್ಮ ಸೀಮೆಯ ಒಂದು ಹಳ್ಳಿಯಲ್ಲಿ ಅಂದೇ ಮುಗಿದುಹೋಗುವುದರಲ್ಲಿತ್ತು. ಹಾಗೆ ಮುಗಿದುಹೋದವರ ಲೆಕ್ಕ ಯಾರ ಬಳಿಯೂ ಇಲ್ಲ.

2. ಇದು ಕಾಯಿಲೆಯೇ?

ಒಂದು ಕಾಲದಲ್ಲಿ ವೈದ್ಯರೂ ಹಾಗೆಂದು ತಿಳಿದಿದ್ದರು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಸಲಿಂಗ ಒಲವನ್ನು ಮಾನಸಿಕ ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. 1990ರ ಮೇ 17ರಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆಯೂ ಅದನ್ನು ರೋಗಗಳ ಅಂತಾರಾಷ್ಟ್ರೀಯ ಪಟ್ಟಿಯಿಂದ ಕೈಬಿಟ್ಟಿತು. ಭಾರತದ ಮನೋವೈದ್ಯರ ಸಂಘ 2018ರಲ್ಲಿ ಇದೇ ಮಾತನ್ನು ಸ್ಪಷ್ಟವಾಗಿ ಹೇಳಿತು. ಒಲವನ್ನು "ತಿದ್ದುತ್ತೇನೆ" ಎಂದು ಔಷಧಿ, ಕರೆಂಟು, ಬೆದರಿಕೆಗಳಿಂದ ಚಿಕಿತ್ಸೆ ಕೊಡುವುದು ವೈದ್ಯವೃತ್ತಿಯ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿತು. ಮದ್ರಾಸ್ ಹೈಕೋರ್ಟಿನ ಆದೇಶ ಇದಕ್ಕೆ ಕಾರಣವಾಯಿತು.

ಆದ್ದರಿಂದ ಮಗನನ್ನು "ಸರಿಮಾಡಿಸಲು" ದೊಡ್ಡ ಡಾಕ್ಟರ ಹತ್ತಿರ ಕರೆದೊಯ್ಯಲು ಹೊಲ ಒತ್ತೆ ಇಡಬೇಡಿರಿ. ಮಂತ್ರ ಹಾಕುವವರ ಬಳಿ, ತಾಯಿತ ಕಟ್ಟುವವರ ಬಳಿ ಹೋಗಬೇಡಿರಿ. ದೆವ್ವ ಬಿಡಿಸುತ್ತೇವೆ ಎಂದು ಹೇಳುವ ಪ್ರಾರ್ಥನಾ ಕೂಟಗಳಿಗೂ ಎಳೆದೊಯ್ಯಬೇಡಿರಿ. ಪ್ರಾರ್ಥನೆ ಬೇಕು, ಆದರೆ ಮಗುವನ್ನು ಹೊಡೆಯಲು ಕೋಲಾಗಿ ಪ್ರಾರ್ಥನೆಯನ್ನು ಬಳಸಬಾರದು.

ಹಾಗಾದರೆ ಇದು ಏಕೆ ಹೀಗೆ? ತಂದೆತಾಯಿಯರ ಮೊದಲ ಪ್ರಶ್ನೆ ಇದೇ. ತಾಯಿ ತನ್ನನ್ನೇ ಬೈದುಕೊಳ್ಳುತ್ತಾಳೆ. ತಂದೆ ತಾಯಿಯನ್ನು ಬೈಯುತ್ತಾನೆ. ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯವನ್ನು ನೆನೆಯಿರಿ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳಿದ್ದೂ ಇಂಥದೇ ಪ್ರಶ್ನೆ: ಪಾಪ ಯಾರದು, ಇವನದೋ ಇವನ ತಂದೆತಾಯಿಯರದೋ? ಪ್ರಭು ಯೇಸು ಆ ಲೆಕ್ಕವನ್ನೇ ಒಪ್ಪಲಿಲ್ಲ. ದೇವರ ಕಾರ್ಯ ಈ ಮನುಷ್ಯನಲ್ಲಿ ತೋರಿಬರಬೇಕು ಎಂದು ಹೇಳಿ, ಅವನ ಬಳಿಗೆ ಹೋದರು. ಒಲವನ್ನು ಕುರುಡುತನಕ್ಕೆ ಹೋಲಿಸುವುದು ನನ್ನ ಉದ್ದೇಶವಲ್ಲ. ತಪ್ಪು ಯಾರದು ಎಂದು ಹುಡುಕುವ ನಮ್ಮ ಚಟವನ್ನು ಪ್ರಭು ಹೇಗೆ ಬದಿಗೆ ಸರಿಸಿದರು ಎಂಬುದನ್ನು ಮಾತ್ರ ನೋಡಿರಿ.

3. ಹಾಗಾದರೆ ಎಚ್.ಐ.ವಿ.ಗೂ ಇದಕ್ಕೂ ಏನು ಸಂಬಂಧ?

ಭಾರತದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಆಗಿನ ಮದ್ರಾಸಿನಲ್ಲಿ. ಡಾ. ಸುನೀತಿ ಸೊಲೊಮನ್ ಅವರ ತಂಡ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತವನ್ನು ಪರೀಕ್ಷಿಸಿದಾಗ ಅದು ತಿಳಿಯಿತು. ಅಂದಿನಿಂದ ಇಂದಿನವರೆಗೂ ನಮ್ಮ ದೇಶದಲ್ಲಿ ಸೋಂಕು ಹೆಚ್ಚಾಗಿ ಹರಡಿರುವುದು ಗಂಡುಹೆಣ್ಣಿನ ನಡುವಣ ಸಂಪರ್ಕದಿಂದಲೇ. ಆದ್ದರಿಂದ "ಇದು ಅಂಥವರ ಕಾಯಿಲೆ" ಎಂಬ ಮಾತು ಸುಳ್ಳು. ವೈರಸ್ಸಿಗೆ ಒಲವು ಗೊತ್ತಿಲ್ಲ, ಜಾತಿ ಗೊತ್ತಿಲ್ಲ, ಜ್ಞಾನಸ್ನಾನದ ದಾಖಲೆಯೂ ಗೊತ್ತಿಲ್ಲ.

ಆದರೂ ಇನ್ನೊಂದು ಸತ್ಯವನ್ನು ಹೇಳಲೇಬೇಕು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) 2023ಕ್ಕೆ ಮಾಡಿದ ಅಂದಾಜಿನಂತೆ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ಎಚ್.ಐ.ವಿ.ಯೊಂದಿಗೆ ಬದುಕುತ್ತಿದ್ದಾರೆ. ದೊಡ್ಡವರಲ್ಲಿ ಸಾವಿರಕ್ಕೆ ಸುಮಾರು ಇಬ್ಬರು. ಆದರೆ ಅದೇ ಸಂಸ್ಥೆಯ 2021ರ ಸಮೀಕ್ಷೆಯಲ್ಲಿ ಪುರುಷರೊಂದಿಗೆ ಸಂಪರ್ಕವಿರುವ ಪುರುಷರಲ್ಲಿ ಮತ್ತು ಮಂಗಳಮುಖಿಯರಲ್ಲಿ ನೂರಕ್ಕೆ ಮೂವರಿಗಿಂತ ಹೆಚ್ಚು ಜನರಿಗೆ ಸೋಂಕು ಕಂಡುಬಂತು. ಇಷ್ಟು ದೊಡ್ಡ ಅಂತರ ಏಕೆ?

ಮೊದಲನೆಯದು ದೇಹದ ಕಾರಣ. ಗುದಮಾರ್ಗದ ಒಳಪದರ ತೀರಾ ತೆಳು, ಬೇಗ ಹರಿಯುತ್ತದೆ, ವೈರಸ್ ಸುಲಭವಾಗಿ ಒಳಸೇರುತ್ತದೆ. ಗಂಡುಹೆಣ್ಣಿನ ನಡುವೆಯೂ ಆ ಬಗೆಯ ಸಂಪರ್ಕದಲ್ಲಿ ಇದೇ ಅಪಾಯವಿದೆ.

ಉಳಿದ ಕಾರಣಗಳು ದೇಹದವಲ್ಲ, ನಮ್ಮವು. ಮನೆಯಲ್ಲಿ ಬಾಯಿ ಬಿಡಲಾಗದವನು ಬಸ್ ನಿಲ್ದಾಣದ ಹಿಂದೆ, ಕಾಲುವೆಯ ದಂಡೆಯ ಮೇಲೆ, ಗುರುತಿಲ್ಲದವರ ನಡುವೆ ಅವಸರದಲ್ಲಿ ಬದುಕುತ್ತಾನೆ. ಅಲ್ಲಿ ಯಾರೂ ಯಾರ ಆರೋಗ್ಯವನ್ನೂ ಕೇಳುವುದಿಲ್ಲ. ಹಣ ಕಿತ್ತುಕೊಳ್ಳುವವರಿದ್ದಾರೆ, ಹೊಡೆಯುವವರಿದ್ದಾರೆ. ದೂರು ಕೊಡಲು ಠಾಣೆಗೆ ಹೋಗಲು ಅವನಿಗೆ ಧೈರ್ಯವಿಲ್ಲ. ಹುಣ್ಣಾದರೆ ಆಸ್ಪತ್ರೆಗೆ ಹೋಗಲು ನಾಚಿಕೆ. ಹೋದರೆ ನಿಜ ಹೇಳಲು ಹೆದರಿಕೆ. ನಿಜ ಹೇಳದವನಿಗೆ ಡಾಕ್ಟರು ತಾನೆ ಏನು ಔಷಧಿ ಕೊಟ್ಟಾರು?

ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನೇ ನೋಡಿರಿ. ಜೇವರ್ಗಿಯಿಂದ ಬಳ್ಳಾರಿಯ ಕಡೆಗೆ ಹೋಗುವ ಒಂದೇ ಹೆದ್ದಾರಿಯ ಮೇಲೆ ಮೂರೂ ಊರುಗಳಿವೆ. ಹಗಲು ರಾತ್ರಿ ಲಾರಿಗಳು ಓಡುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಕೆಲಸಕ್ಕೆ, ಸಿಂಧನೂರಿನ ರೈಸ್ ಮಿಲ್ಲುಗಳಿಗೆ ಹೊರಗಿನವರು ಬರುತ್ತಾರೆ; ನೀರಿಲ್ಲದ ಹಳ್ಳಿಗಳಿಂದ ನಮ್ಮವರು ಬೆಂಗಳೂರಿಗೆ, ಗೋವೆಗೆ ಗುಳೆ ಹೋಗುತ್ತಾರೆ. 1982ರ ಕಾಯ್ದೆ ನಿಷೇಧಿಸಿದ ದೇವದಾಸಿ ಪದ್ಧತಿಯ ನೋವು ಈ ಸೀಮೆಯಲ್ಲಿ ಇನ್ನೂ ಆರಿಲ್ಲ. ಮನೆಯಿಂದ ದೂರವಿರುವ ಗಂಡಸು, ಬಡತನದಲ್ಲಿರುವ ಹೆಣ್ಣು, ಗುಟ್ಟಿನಲ್ಲಿ ಬದುಕುವ ಸಲಿಂಗಿ: ಈ ಮೂವರ ನಡುವೆ ಸೋಂಕಿಗೆ ದಾರಿ ಸುಲಭವಾಯಿತು. ಉತ್ತರ ಕರ್ನಾಟಕದ ಜಿಲ್ಲೆಗಳು ರಾಜ್ಯದಲ್ಲಿ ಹೆಚ್ಚು ಸೋಂಕಿನ ಜಿಲ್ಲೆಗಳೆನಿಸಿದವು.

ಆ ದಾರಿಗೆ ಅಡ್ಡ ನಿಂತದ್ದು ಯಾವುದು? ಬೈಗುಳವಲ್ಲ. 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸ್ಥಾಪನೆಯಾಯಿತು. ರಾಜ್ಯದ ಏಡ್ಸ್ ನಿಯಂತ್ರಣ ಸೊಸೈಟಿ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಅದರಲ್ಲಿ ಕೈಜೋಡಿಸಿದ್ದವು. "ಆವಾಹನ್" ಯೋಜನೆಯ ನೆರವಿನಿಂದ ರಾಜ್ಯದ ಅನೇಕ ಜಿಲ್ಲೆಗಳಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರ, ಸಲಿಂಗಿ ಪುರುಷರ, ಮಂಗಳಮುಖಿಯರ ನಡುವೆ ಕೆಲಸ ನಡೆಯಿತು. ಅದರ ಗುಟ್ಟು ಸರಳ. ಅವರವರ ನಡುವಿನಿಂದಲೇ ಕೆಲವರನ್ನು ಆರಿಸಿ, ತರಬೇತಿ ಕೊಟ್ಟು, ತಮ್ಮ ಜೊತೆಯವರನ್ನು ತಾವೇ ಹುಡುಕಿ ಮಾತನಾಡಿಸುವಂತೆ ಮಾಡಿದರು. ಅವಮಾನ ಮಾಡದ ವೈದ್ಯರಿರುವ ಕ್ಲಿನಿಕ್ಕುಗಳನ್ನು ತೆರೆದರು. ಕೂತು ಮಾತಾಡಲು ಒಂದು ಜಾಗ ಕೊಟ್ಟರು. ಪೊಲೀಸರಿಗೂ ತಿಳಿವಳಿಕೆ ಕೊಟ್ಟರು. ಜನ ಬೆಳಕಿಗೆ ಬಂದರು, ಪರೀಕ್ಷೆಯಾಯಿತು, ಔಷಧಿ ಸಿಕ್ಕಿತು. 2010ಕ್ಕೆ ಹೋಲಿಸಿದರೆ 2023ರ ವೇಳೆಗೆ ದೇಶದಲ್ಲಿ ಹೊಸ ಸೋಂಕುಗಳು ನೂರಕ್ಕೆ ನಲವತ್ತಕ್ಕೂ ಹೆಚ್ಚು ಇಳಿದವು. ಇದಕ್ಕೆ ಇಂಥ ಕೆಲಸಗಳೂ ಕಾರಣ.

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು ನೀವು ನೋಡಿದ್ದೀರಿ. 1915ರಲ್ಲಿ ಅದು ಪತ್ತೆಯಾದಾಗ ಅಶೋಕನ ಹೆಸರೇ ಅದರಲ್ಲಿದ್ದುದರಿಂದ ಲೋಕಪ್ರಸಿದ್ಧವಾಯಿತು. ಆದರೆ ಅದರ ಸಂದೇಶವನ್ನು ನಾವು ಮರೆಯುತ್ತೇವೆ. ಒಳಿತಿನ ದಾರಿ ದೊಡ್ಡವರಿಗೆ ಮಾತ್ರವಲ್ಲ, ಕೆಳಗಿನವರಿಗೂ ಇದೆ. ಇಬ್ಬರಿಗೂ ಇದನ್ನು ತಿಳಿಸಬೇಕು ಎಂಬುದು ಅದರ ಭಾವ. ಸಾರ್ವಜನಿಕ ಆರೋಗ್ಯದ ಮೂಲಪಾಠವೂ ಇದೇ. ಯಾರನ್ನು ಊರು ಲೆಕ್ಕಕ್ಕೆ ಹಿಡಿಯುವುದಿಲ್ಲವೋ ಅವನಿಗೆ ತಿಳಿವಳಿಕೆ ತಲುಪದಿದ್ದರೆ ಊರಿಗೇ ಆರೋಗ್ಯವಿಲ್ಲ.

4. ಕಾನೂನು ಎಲ್ಲಿಗೆ ಬಂದಿದೆ?

ಬ್ರಿಟಿಷರು 1860ರ ದಂಡಸಂಹಿತೆಯಲ್ಲಿ ಇಟ್ಟ 377ನೆಯ ಕಲಮು ಸಲಿಂಗ ಸಂಪರ್ಕವನ್ನು ಅಪರಾಧವೆಂದು ಹೇಳಿತ್ತು. 2006ರಲ್ಲಿ ನ್ಯಾಕೋ ಸಂಸ್ಥೆಯೇ ದೆಹಲಿ ಹೈಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿ, ಈ ಕಲಮಿನ ಹೆದರಿಕೆಯಿಂದ ಜನ ಅಡಗಿಕೊಳ್ಳುತ್ತಾರೆ, ಏಡ್ಸ್ ತಡೆಯುವ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಹೇಳಿತು. 2009ರಲ್ಲಿ ದೆಹಲಿ ಹೈಕೋರ್ಟು ಕಲಮನ್ನು ಸಡಿಲಿಸಿತು. 2013ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟಿನ ಐವರು ನ್ಯಾಯಾಧೀಶರ ಪೀಠ, ವಯಸ್ಕರ ನಡುವಿನ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮು ಇಲ್ಲ.

ಎಚ್.ಐ.ವಿ. ಇರುವವರ ರಕ್ಷಣೆಗೆ 2017ರ ಕಾಯ್ದೆ ಇದೆ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಫಲಿತಾಂಶವನ್ನು ಊರಿಗೆ ಹೇಳುವಂತಿಲ್ಲ. ಕೆಲಸದಿಂದ, ಶಾಲೆಯಿಂದ, ಆಸ್ಪತ್ರೆಯಿಂದ, ಬಾಡಿಗೆ ಮನೆಯಿಂದ ಹೊರಹಾಕುವಂತಿಲ್ಲ.

5. ಧರ್ಮಸಭೆ ಏನು ಬೋಧಿಸುತ್ತದೆ?

ಇಲ್ಲಿ ಕೆಲವರು ಅರ್ಧವನ್ನು ಮಾತ್ರ ಹೇಳುತ್ತಾರೆ. ನಾವು ಪೂರ್ತಿ ಕೇಳೋಣ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 2357ರಿಂದ 2359ರವರೆಗಿನ ಪರಿಚ್ಛೇದಗಳಲ್ಲಿ ಈ ವಿಷಯವನ್ನು ಹೇಳಿದೆ. ಲೈಂಗಿಕ ಸಂಬಂಧ ಗಂಡುಹೆಣ್ಣಿನ ವಿವಾಹದೊಳಗೆ ಇರಬೇಕೆಂಬುದು ಧರ್ಮಸಭೆಯ ಬೋಧನೆ. ಸಲಿಂಗ ಸಂಪರ್ಕವನ್ನು ಅದು ಒಪ್ಪುವುದಿಲ್ಲ. ಎಲ್ಲರಂತೆ ಸಲಿಂಗ ಒಲವುಳ್ಳವರೂ ಪರಿಶುದ್ಧ ಜೀವನಕ್ಕೆ ಕರೆ ಹೊಂದಿದ್ದಾರೆ ಎನ್ನುತ್ತದೆ. ಅಲ್ಲಿಯೇ, ಅದೇ ಪುಟದಲ್ಲಿ, ಅವರನ್ನು ಗೌರವದಿಂದ, ಅನುಕಂಪದಿಂದ, ಸೂಕ್ಷ್ಮವಾಗಿ ಸ್ವೀಕರಿಸಬೇಕು, ಯಾವ ಅನ್ಯಾಯದ ಭೇದಭಾವವನ್ನೂ ತೋರಿಸಬಾರದು ಎಂದೂ ಆಜ್ಞಾಪಿಸುತ್ತದೆ. ಮೊದಲನೆಯದನ್ನು ಗಟ್ಟಿಯಾಗಿ ಹೇಳಿ ಎರಡನೆಯದನ್ನು ನುಂಗಿಬಿಡುವವರು ಧರ್ಮಸಭೆಯ ಬೋಧನೆಯನ್ನು ಬೋಧಿಸುತ್ತಿಲ್ಲ.

ತತ್ತ್ವಶಾಸ್ತ್ರದಲ್ಲಿ ನಾವು ಕಲಿಯುವ ಒಂದು ಸರಳ ವಿವೇಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮನುಷ್ಯನಲ್ಲಿ ತಾನಾಗಿ ಮೂಡುವ ಭಾವ ಬೇರೆ, ಅವನು ಬುದ್ಧಿಪೂರ್ವಕವಾಗಿ ಮಾಡುವ ಕ್ರಿಯೆ ಬೇರೆ. ಆರಿಸಿಕೊಳ್ಳದೆ ಬಂದ ಭಾವಕ್ಕೆ ಪಾಪದ ಪಟ್ಟ ಕಟ್ಟಲಾಗದು. "ನಾನು ಹೀಗಿದ್ದೇನೆ" ಎಂದು ಹೇಳಿದ ಹುಡುಗನೋ ಹುಡುಗಿಯೋ ನಿಮ್ಮ ಮುಂದೆ ಒಂದು ಸತ್ಯವನ್ನು ಇಟ್ಟಿದ್ದಾರೆ ಅಷ್ಟೇ. ಸತ್ಯ ಹೇಳಿದ್ದಕ್ಕೆ ಶಿಕ್ಷೆಯೇ?

2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು 377ನೆಯ ಕಲಮನ್ನು ಎತ್ತಿಹಿಡಿದಾಗ, ಆಗ ಮುಂಬೈ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಓಸ್ವಾಲ್ಡ್ ಗ್ರೇಷಿಯಸ್ ಅವರು, ಧರ್ಮಸಭೆ ಸಲಿಂಗಿಗಳನ್ನು ಎಂದೂ ಅಪರಾಧಿಗಳೆಂದು ಎಣಿಸಿಲ್ಲ ಎಂದು ಹೇಳಿದ್ದರು. 2023ರ ಜನವರಿಯಲ್ಲಿ ಜಗದ್ಗುರು ಫ್ರಾನ್ಸಿಸರು ಸಲಿಂಗಿಯಾಗಿರುವುದು ಅಪರಾಧವಲ್ಲವೆಂದು ಸ್ಪಷ್ಟಪಡಿಸಿದರು.

ರೋಗ ತಡೆಯುವ ಕಾಂಡೋಮಿನ ಬಗ್ಗೆಯೂ ಪ್ರಶ್ನೆಗಳು ಬರುತ್ತವೆ. ಸಂಯಮ ಮತ್ತು ವಿವಾಹನಿಷ್ಠೆಯೇ ಧರ್ಮಸಭೆ ತೋರುವ ದಾರಿ. ಆದರೆ 2010ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಒಂದು ಸಂದರ್ಶನ ಗ್ರಂಥದಲ್ಲಿ, ಲೈಂಗಿಕ ವೃತ್ತಿಯಲ್ಲಿರುವ ಪುರುಷನೊಬ್ಬ ಸೋಂಕು ಹರಡದಿರಲೆಂದು ಅದನ್ನು ಬಳಸಿದರೆ, ಇತರರ ಬಗ್ಗೆ ಹೊಣೆಯರಿತ ನಡೆಯ ಕಡೆಗೆ ಅದು ಮೊದಲ ಹೆಜ್ಜೆಯಾಗಬಹುದು ಎಂಬ ಅರ್ಥದ ಮಾತು ಹೇಳಿದರು. ಇದರಿಂದ ಬೋಧನೆ ಬದಲಾಗಲಿಲ್ಲವೆಂದು ರೋಮ್ ಅದೇ ವರ್ಷ ಸ್ಪಷ್ಟೀಕರಣ ನೀಡಿತು. ಆದರೂ ಜಗದ್ಗುರುಗಳ ಮಾತಿನ ಒಳತಿರುಳನ್ನು ಗಮನಿಸಿರಿ: ಪಕ್ಕದವನ ಪ್ರಾಣದ ಬಗ್ಗೆ ಯೋಚಿಸುವುದೇ ನೀತಿಯ ಆರಂಭ.

6. ಮದುವೆ ಔಷಧಿಯಲ್ಲ

ಈಗ ಪಾಠದ ಮುಖ್ಯ ಭಾಗಕ್ಕೆ ಬಂದೆವು. ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಮಗನಿಗೆ ಇಪ್ಪತ್ತಾರು ವರ್ಷ, ಬೆಂಗಳೂರಿನಲ್ಲಿ ಕೆಲಸ. ಕನ್ಯೆ ನೋಡೋಣವೆಂದರೆ ಒಲ್ಲೆ ಎನ್ನುತ್ತಾನೆ. ಒಂದು ರಾತ್ರಿ ತಾಯಿಗೆ ನಿಜ ಹೇಳುತ್ತಾನೆ. ತಾಯಿ ಅಳುತ್ತಾಳೆ, ತಂದೆ ಮೂರು ದಿನ ಮಾತು ಬಿಡುತ್ತಾನೆ. ನಾಲ್ಕನೆಯ ದಿನ ದೊಡ್ಡಪ್ಪ ಬಂದು ಹೇಳುತ್ತಾನೆ: "ಲಗ್ನ ಮಾಡ್ರಿ, ಎಲ್ಲಾ ಸರಿ ಹೋಗ್ತದ. ಇಲ್ಲಂದ್ರ ಮಂದಿ ಏನಂತಾರ?" ತಿಂಗಳೊಳಗೆ ಬಡವರ ಮನೆಯ ಒಂದು ಹುಡುಗಿಯನ್ನು ಹುಡುಕುತ್ತಾರೆ. ಅವಳಿಗೆ ಯಾರೂ ಏನೂ ಹೇಳುವುದಿಲ್ಲ.

ಸಿಂಧನೂರಿನಲ್ಲಿರಲಿ, ಹದಿನಾರನೆಯ ಶತಮಾನದಷ್ಟು ಹಳೆಯ ಕಥೋಲಿಕ ಸಮುದಾಯವಿರುವ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿರಲಿ, ನಮ್ಮ ಸಮುದಾಯ ಚಿಕ್ಕದು. ಒಂದು ಮನೆಯ ಮಾತು ಸಂಜೆಯೊಳಗೆ ಎಲ್ಲ ಮನೆಗಳಿಗೆ ಮುಟ್ಟುತ್ತದೆ. ದೊಡ್ಡಪ್ಪನ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಅವನ ಸಲಹೆ ಅನ್ಯಾಯದ್ದು. ಅದೂ ಇಬ್ಬರಿಗೆ ಒಟ್ಟಿಗೆ.

ಧರ್ಮಸಭೆಯ 1983ರ ಕಾನೂನು ಸಂಹಿತೆ ಏನು ಹೇಳುತ್ತದೆ ನೋಡಿರಿ. ವಿವಾಹವನ್ನು ಉಂಟುಮಾಡುವುದು ವಧೂವರರ ಒಪ್ಪಿಗೆ. ಬೇರೆ ಯಾವ ಮನುಷ್ಯನೂ ಅವರ ಬದಲು ಆ ಒಪ್ಪಿಗೆಯನ್ನು ಕೊಡಲಾರ (ನಿಯಮ 1057). ವಿವಾಹದ ಮೂಲ ಹೊಣೆಗಳನ್ನು ಹೊರಲು ಮಾನಸಿಕ ಕಾರಣದಿಂದ ಶಕ್ತಿಯಿಲ್ಲದವರು ವಿವಾಹವಾಗಲಾರರು (1095). ದಾಂಪತ್ಯಕ್ಕೆ ಗಂಭೀರವಾಗಿ ಧಕ್ಕೆ ತರಬಲ್ಲ ಒಂದು ವಿಷಯವನ್ನು, ಒಪ್ಪಿಗೆ ಪಡೆಯುವುದಕ್ಕಾಗಿಯೇ ಮೋಸದಿಂದ ಮರೆಮಾಡಿದ್ದರೆ, ಮೋಸಹೋದವರ ವಿವಾಹ ಸಿಂಧುವಲ್ಲ (1098). ಬಲವಂತದಿಂದ ಅಥವಾ ಗಂಭೀರ ಹೆದರಿಕೆಯಿಂದ ಆದ ವಿವಾಹವೂ ಸಿಂಧುವಲ್ಲ (1103). ಪ್ರತಿಯೊಂದು ಪ್ರಕರಣವನ್ನು ಧರ್ಮಪ್ರಾಂತ್ಯದ ನ್ಯಾಯಪೀಠ ಪರಿಶೀಲಿಸಿ ತೀರ್ಮಾನಿಸುತ್ತದೆ. ಆದರೆ ಮಾತಿನ ಸಾರ ತಿಳಿಯಲು ನ್ಯಾಯಪೀಠ ಬೇಕಿಲ್ಲ. ಸಂಸ್ಕಾರವನ್ನು ಸುಳ್ಳಿನ ಮೇಲೆ ಕಟ್ಟಬಾರದು.

ಈಗ ಆ ಹುಡುಗಿಯ ಕಡೆಯಿಂದ ಯೋಚಿಸಿರಿ. ಗಂಡ ಮುಟ್ಟದಿದ್ದರೆ ತನ್ನಲ್ಲೇ ಕೊರತೆಯಿದೆ ಎಂದು ಕೊರಗುತ್ತಾಳೆ. ಮಕ್ಕಳಾಗದಿದ್ದರೆ ಊರು ಅವಳನ್ನೇ ಆಡಿಕೊಳ್ಳುತ್ತದೆ. ಗಂಡ ಮೊದಲಿನಂತೆ ಗುಟ್ಟಿನಲ್ಲಿ ಬದುಕಿ ಸೋಂಕು ತಂದರೆ, ಅದು ಅವಳಿಗೆ ತಿಳಿಯುವುದು ಬಸುರಿಯಾದಾಗ, ಆಸ್ಪತ್ರೆಯ ರಕ್ತಪರೀಕ್ಷೆಯಲ್ಲಿ. ಅವಳು ಮಾಡಿದ ತಪ್ಪೇನು? ಒಂದು ಮನೆಯ ಮಾನ ಉಳಿಸಲು ಇನ್ನೊಂದು ಮನೆಯ ಮಗಳನ್ನು ಬಲಿಕೊಟ್ಟಂತಾಗಲಿಲ್ಲವೇ?

ಹೆಣ್ಣಿನ ಮೇಲೆ ಒಲವಿರುವ ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟದ್ದು. ಗಂಡು ಒಲ್ಲೆನೆಂದು ಊರು ಬಿಟ್ಟಾದರೂ ಹೋಗಬಲ್ಲ. ಹುಡುಗಿಯನ್ನು ಕೇಳುವವರೇ ಇಲ್ಲ. ಒಲ್ಲದ ಮದುವೆಯಲ್ಲಿ ಪ್ರತಿರಾತ್ರಿ ಅವಳು ಅನುಭವಿಸುವುದು ಹಿಂಸೆ. ಮಗಳು ಬೇಡವೆಂದಾಗ "ಯಾರನ್ನು ಪ್ರೀತಿಸಿದ್ದೀ?" ಎಂದು ಗದರುವ ಮೊದಲು, ಏಕೆ ಬೇಡವೆಂದು ಕೂತು ಕೇಳಿರಿ.

7. ಮನೆಯಲ್ಲಿ ನಾವು ಏನು ಮಾಡಬೇಕು?

(ಅ) ಮೊದಲ ಮಾತು ಒಳ್ಳೆಯದಿರಲಿ. ಮಗ ಅಥವಾ ಮಗಳು ನಿಜ ಹೇಳಿದ ಗಳಿಗೆಯಲ್ಲಿ ನಿಮಗೆ ಏನೂ ತೋಚದಿರಬಹುದು. ಆಗ ಇಷ್ಟು ಹೇಳಿದರೆ ಸಾಕು: "ನೀನು ನಮ್ಮ ಮಗು. ಮನೆ ಬಿಟ್ಟು ಎಲ್ಲೂ ಹೋಗಬೇಡ." ಉಳಿದದ್ದನ್ನು ನಿಧಾನವಾಗಿ ಮಾತನಾಡಬಹುದು.

(ಆ) ಔಷಧಿ ಡಬ್ಬಿಗಳಿಗೆ ಬೀಗ ಹಾಕಿರಿ. ಭತ್ತ, ಹತ್ತಿ ಬೆಳೆಯುವ ನಮ್ಮ ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಿ ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ಕೈಗೆ ಸಿಗುವಂತೆ ಇರುತ್ತದೆ. ಅವಮಾನದ ಒಂದು ಗಳಿಗೆಯಲ್ಲಿ ಕೈ ಅಲ್ಲಿಗೇ ಹೋಗುತ್ತದೆ. ಆ ಗಳಿಗೆಯಲ್ಲಿ ವಿಷ ಕೈಗೆ ಸಿಗದಿದ್ದರೆ ಎಷ್ಟೋ ಜೀವಗಳು ಉಳಿಯುತ್ತವೆ. ಮನೆಯಲ್ಲಿ ಯಾರೇ ನೊಂದಿದ್ದರೂ ಈ ಎಚ್ಚರ ಬೇಕು. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416. ಕನ್ನಡದಲ್ಲಿ ಮಾತನಾಡಬಹುದು.

(ಇ) ಪರೀಕ್ಷೆಗೆ ಜೊತೆಗೆ ಹೋಗಿರಿ. ಸಿಂಧನೂರು, ಲಿಂಗಸುಗೂರುಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಐ.ಸಿ.ಟಿ.ಸಿ. ಎಂಬ ಕೇಂದ್ರವಿದೆ. ಆಪ್ತ ಸಮಾಲೋಚಕರು ಮೊದಲು ಮಾತನಾಡಿ, ಒಪ್ಪಿಗೆ ಪಡೆದು ಎಚ್.ಐ.ವಿ. ಪರೀಕ್ಷೆ ಮಾಡಿಸುತ್ತಾರೆ. ಹಣವಿಲ್ಲ, ಗುಟ್ಟು ಕಾಯುತ್ತಾರೆ. ಸೋಂಕು ತಗಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಆದ್ದರಿಂದ ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಲು ಹೇಳಬಹುದು. ಸಿಫಿಲಿಸ್ ಪರೀಕ್ಷೆಯನ್ನೂ ಕೇಳಿರಿ. ಅದು ಔಷಧಿಯಿಂದ ವಾಸಿಯಾಗುವ ರೋಗ. ಊರಿನ ಆಸ್ಪತ್ರೆಗೆ ಹೋಗಲು ಸಂಕೋಚವಾದರೆ ರಾಯಚೂರಿಗೋ ಬಳ್ಳಾರಿಗೋ ಹೋಗಿರಿ, ಆದರೆ ಹೋಗಿರಿ. ಏಡ್ಸ್ ಬಗ್ಗೆ ಮಾಹಿತಿಗೆ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.

(ಈ) ಅವಸರದ ಅಪಾಯಕ್ಕೆ ಅವಸರದ ಔಷಧಿಯಿದೆ. ಬಲಾತ್ಕಾರವಾಗಲಿ, ಸೋಂಕಿನ ಸಂಶಯವಿರುವ ಸಂಪರ್ಕವಾಗಲಿ ನಡೆದಿದ್ದರೆ 72 ಗಂಟೆಗಳೊಳಗೆ, ಆದಷ್ಟು ಬೇಗ, ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. 28 ದಿನಗಳ ಮಾತ್ರೆಯಿಂದ ಸೋಂಕನ್ನು ತಡೆಯುವ ಸಾಧ್ಯತೆಯಿದೆ.

(ಉ) ಸೋಂಕು ಇದ್ದರೆ ಬದುಕು ಮುಗಿಯಲಿಲ್ಲ. 2004ರಿಂದ ಸರ್ಕಾರ ಎ.ಆರ್.ಟಿ. ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ ಕಾಯದೆ ಚಿಕಿತ್ಸೆ ಆರಂಭಿಸುತ್ತಾರೆ. ದಿನವೂ ತಪ್ಪದೆ ಮಾತ್ರೆ ತೆಗೆದುಕೊಂಡವರು ಎಲ್ಲರಂತೆ ದುಡಿದು ಬಾಳುತ್ತಾರೆ. ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ತಗ್ಗಿ ಹಾಗೆಯೇ ಉಳಿದರೆ, ಅವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ತಾಯಿಯಿಂದ ಕೂಸಿಗೆ ಹೋಗುವುದನ್ನೂ ಔಷಧಿಯಿಂದ ಬಹುಮಟ್ಟಿಗೆ ತಡೆಯಬಹುದು. ಒಂದೇ ತಟ್ಟೆಯಲ್ಲಿ ಉಂಡರೆ, ಕೈ ಕುಲುಕಿದರೆ, ಒಂದೇ ಪಾತ್ರೆಯಿಂದ ಕುಡಿದರೆ ಬರುವುದಿಲ್ಲ.

(ಊ) ನಿಮ್ಮ ಗುರುಗಳೊಂದಿಗೆ ಮಾತನಾಡಿರಿ. ಪಾಪನಿವೇದನೆಯಲ್ಲಿ ಹೇಳಿದ್ದನ್ನು ಗುರು ಯಾರಿಗೂ, ಪ್ರಾಣ ಹೋದರೂ, ಹೇಳುವಂತಿಲ್ಲ. ಅದರ ಹೊರಗೆ ಗುರುಮನೆಯಲ್ಲಿ ಕೂತು ಮಾತಾಡಿದ್ದಕ್ಕೂ ಗುಟ್ಟಿನ ಗೌರವವಿದೆ. ವಿವಾಹದ ಪ್ರಕಟಣೆ ಓದುವ ಮೊದಲೇ ಬನ್ನಿರಿ. ಮದುವೆ ನಿಲ್ಲಿಸಿದರೆ ಒಂದು ದಿನದ ಅವಮಾನ, ನಿಲ್ಲಿಸದಿದ್ದರೆ ಇಬ್ಬರ ಜೀವಮಾನ.

ಭಾರತದ ಧರ್ಮಾಧ್ಯಕ್ಷರ ಮಂಡಳಿ 2005ರಲ್ಲಿಯೇ ಎಚ್.ಐ.ವಿ., ಏಡ್ಸ್ ಬಗ್ಗೆ ಒಂದು ನೀತಿಯನ್ನು ಪ್ರಕಟಿಸಿ, ಸೋಂಕಿತರನ್ನು ಕೈಬಿಡದಂತೆ ನಮ್ಮ ಸಂಸ್ಥೆಗಳಿಗೆ ಸೂಚಿಸಿತು. ಬೆಂಗಳೂರಿನಲ್ಲಿ ಕಮಿಲಿಯನ್ ಸಭೆಯ ಗುರುಗಳು "ಸ್ನೇಹದಾನ"ದಲ್ಲಿ ಏಡ್ಸ್ ಪೀಡಿತರ ಆರೈಕೆ ಮಾಡಿದರು. ಇದು ಗುರುಗಳ, ಧರ್ಮಭಗಿನಿಯರ ಕೆಲಸವೆಂದು ನಾವು ಸುಮ್ಮನಿರುವಂತಿಲ್ಲ. ಸಂತ ಮಾರ್ಕರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಕುಷ್ಠರೋಗಿ ಯೇಸುವಿನ ಬಳಿ ಬಂದಾಗ, ಪ್ರಭು ದೂರದಿಂದ ಒಂದು ಮಾತು ಹೇಳಿ ಗುಣಪಡಿಸಬಹುದಿತ್ತು. ಅವರು ಕೈಚಾಚಿ ಮುಟ್ಟಿದರು. ಎಷ್ಟೋ ವರ್ಷಗಳಿಂದ ಯಾರೂ ಮುಟ್ಟದವನನ್ನು ಮೊದಲು ಮುಟ್ಟಿದರು, ನಂತರ ಗುಣಪಡಿಸಿದರು. ನಮಗೆ ಗುಣಪಡಿಸುವ ಶಕ್ತಿ ಇಲ್ಲದಿರಬಹುದು. ಕೈಚಾಚುವ ಶಕ್ತಿ ಎಲ್ಲರಿಗೂ ಇದೆ.

ಕುಟುಂಬದಲ್ಲಿ, ಕಿರು ಕ್ರೈಸ್ತ ಸಮುದಾಯದಲ್ಲಿ ಚರ್ಚಿಸಲು

1. ನಮ್ಮ ಮನೆಯ ಮಾತಿನಲ್ಲಿ, ತಮಾಷೆಯಲ್ಲಿ ಸಲಿಂಗಿಗಳನ್ನು, ಮಂಗಳಮುಖಿಯರನ್ನು ಹೀನಾಯವಾಗಿ ಕರೆಯುವ ಪದಗಳಿವೆಯೇ? ಅವನ್ನು ಕೇಳುತ್ತ ಬೆಳೆಯುವ ಮಗು ನಾಳೆ ನಮ್ಮ ಬಳಿ ನಿಜ ಹೇಳೀತೇ?

2. ನಮ್ಮ ಮಗ ಅಥವಾ ಮಗಳು ಮದುವೆ ಬೇಡವೆಂದರೆ ಕಾರಣವನ್ನು ತಾಳ್ಮೆಯಿಂದ ಕೇಳುತ್ತೇವೆಯೇ?

3. ಮದುವೆಗೆ ಮುಂಚೆ ವಧೂವರರಿಬ್ಬರೂ ಸ್ವಇಚ್ಛೆಯಿಂದ ಆರೋಗ್ಯ ಪರೀಕ್ಷೆ ಮಾಡಿಸಿ, ಒಬ್ಬರಿಗೊಬ್ಬರು ನಿಜ ತಿಳಿಸುವುದನ್ನು ನಮ್ಮ ಸಮುದಾಯದಲ್ಲಿ ಹೇಗೆ ರೂಢಿಗೆ ತರಬಹುದು?

4. ಎಚ್.ಐ.ವಿ. ಇರುವ ಒಂದು ಕುಟುಂಬ ನಮ್ಮ ಪಕ್ಕದ ಬೆಂಚಿನಲ್ಲಿ ಕೂತು ಬಲಿಪೂಜೆಯಲ್ಲಿ ಭಾಗವಹಿಸಿದರೆ ನಾವು ಹೇಗೆ ನಡೆದುಕೊಳ್ಳುತ್ತೇವೆ?

ಪ್ರಾರ್ಥನೆ

ಪ್ರಭುವೇ, ಯಾರೂ ಮುಟ್ಟದವರನ್ನು ನೀವು ಮುಟ್ಟಿದಿರಿ. ನಮ್ಮ ಮನೆಗಳಲ್ಲಿ ಹೆದರಿಕೊಂಡು ಬದುಕುತ್ತಿರುವ ಮಕ್ಕಳನ್ನು ನಿಮ್ಮ ಕೈಗೆ ಒಪ್ಪಿಸುತ್ತೇವೆ. ಅವರು ನಿಜ ಹೇಳಿದ ದಿನ ನಮ್ಮ ಬಾಯಿಗೆ ಒಳ್ಳೆಯ ಮಾತನ್ನೂ ಕೈಗೆ ಕರುಣೆಯನ್ನೂ ಕೊಡಿರಿ. ರೋಗದಲ್ಲಿರುವವರಿಗೆ ಔಷಧಿ ಸಿಗಲಿ. ಮೋಸಹೋದ ಹೆಣ್ಣುಮಕ್ಕಳಿಗೆ ನ್ಯಾಯ ಸಿಗಲಿ. ಜನರ ಮಾತಿಗೆ ಅಂಜುವ ನಮಗೆ ನಿಮ್ಮ ಮಾತಿಗೆ ಅಂಜುವ ಮನಸ್ಸು ಸಿಗಲಿ. ಆಮೆನ್.